ಜಾಕೊಮೆಟ್ಟಿಯ ಶಿಲ್ಪಗಳಲ್ಲಿ ಮನುಷ್ಯರು ಅಷ್ಟೊಂದು ಸಣಕಲು ಯಾಕೆ?

ಮನುಷ್ಯನ ಮೈ ಅಳತೆಯಲ್ಲಿ ಎಷ್ಟಿದೆ ಅನ್ನುವುದು ಸ್ವಿಸ್ ಶಿಲ್ಪಿ ಆಲ್ಬೆರ್ಟೊ ಜಾಕೊಮೆಟ್ಟಿಗೆ ಬೇಕಿರಲಿಲ್ಲ. ಅದು ತನ್ನ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಮಾಡಲು ಹೊರಟಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಶಿಲ್ಪಗಳಾದ್ದರಿಂದ ನೋಡುವವರಿಗೆ ಹಸಿವು, ಸೆರೆಶಿಬಿರಗಳು ನೆನಪಾಗುವುದು ಸಹಜ. ಆದರೆ ಮೂಲ ಕಾರಣ ನೋಟದ್ದು.

ರಸ್ತೆಯ ಆ ತುದಿಯಿಂದ ಪರಿಚಯದವರೊಬ್ಬರು ನಡೆದು ಬರುತ್ತಿದ್ದಾರೆ ಅಂದುಕೊಳ್ಳಿ. ಕಣ್ಣಿಗೆ ಬೀಳುವುದು ಒಂದು ಉದ್ದನೆಯ ಗೆರೆ, ಸುತ್ತ ಬೇಕಾದಷ್ಟು ಖಾಲಿ ಜಾಗ. ಆದರೂ ಇಂಥವರೇ ಅಂತ ಗೊತ್ತಾಗುತ್ತದೆ, ಅಲ್ವಾ? ಆ ದೂರವನ್ನೂ ಸೇರಿಸಿಯೇ ಜಾಕೊಮೆಟ್ಟಿ ಶಿಲ್ಪ ಮಾಡಿದರು.

1930ರ ದಶಕದ ಆರಂಭದಲ್ಲಿ ಅವರು ಸರ್ರಿಯಲಿಸ್ಟರ ಜೊತೆಗಿದ್ದರು. ಇವರು ಕನಸು, ಒಳಮನಸ್ಸುಗಳಿಂದ ಕಲೆ ಮಾಡುತ್ತಿದ್ದವರು. 1935ರಲ್ಲಿ ಜಾಕೊಮೆಟ್ಟಿ ಮತ್ತೆ ಎದುರಿಗೆ ಮಾಡೆಲ್ ಕೂರಿಸಿಕೊಂಡು ಕೆಲಸ ಶುರುಮಾಡಿ ಆ ಗುಂಪಿನಿಂದ ದೂರವಾದರು. ತೊಡಕು ಶುರುವಾದದ್ದೂ ಅಲ್ಲೇ. ನೋಡಿದಷ್ಟೂ ಮುಖ ಬೇರೆಯಾಗುತ್ತಿತ್ತು. ಸರಿಯಿಲ್ಲ ಅನ್ನಿಸಿ ಕೆರೆದು ತೆಗೆಯುತ್ತಿದ್ದರು, ಮತ್ತೆ ಹಚ್ಚುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಜಿನೀವಾದಲ್ಲಿ ಮಾಡಿದ ಕೆಲವು ಆಕೃತಿಗಳು ಬೆರಳುದ್ದಕ್ಕಿಂತ ಕಮ್ಮಿ. ಆಮೇಲೆ ಎತ್ತರ ಬಿಡಬಾರದು ಅಂತ ಹಟ ಹಿಡಿದರು. ಆಗ ಅಗಲ ಕರಗಿತು.

1960ರ ‘ನಡೆಯುವ ಮನುಷ್ಯ’ ಸುಮಾರು 6 ಅಡಿ ಎತ್ತರದ ಕಂಚಿನ ಶಿಲ್ಪ. ಪಾದಗಳು ಮಾತ್ರ ದಪ್ಪ, ನೆಲಕ್ಕೆ ಅಂಟಿಕೊಂಡ ಹಾಗೆ. ಒತ್ತಿದ, ಚಿವುಟಿದ ಬೆರಳಿನ ಗುರುತುಗಳು ಮೈಮೇಲೆ ಹಾಗೇ ಇವೆ. ನನ್ನ ಪ್ರಕಾರ ಸಣಕಲು ಕಾಲುಗಳಿಗಿಂತ ಜಾಸ್ತಿ ಹೊತ್ತು ನೋಡಬೇಕಾದದ್ದು ಆ ಗುರುತುಗಳನ್ನೇ. ಅವರು ತೆಗೆದದ್ದು, ಹಚ್ಚಿದ್ದು ಎಲ್ಲ ಅಲ್ಲಿ ಕಾಣುತ್ತದೆ.