ಇಲಿಗೆ ಇಳಿದ ಶುಗರ್ ಅವ್ವನಿಗೂ ಇಳಿಯುತ್ತಾ?

ಪ್ರಶ್ನೆ: ಮಧುನಾಶಿನಿ ಸೊಪ್ಪಿನ ಸಾರದಿಂದ ಇಲಿಗಳ ಶುಗರ್ ಇಳಿಯಿತು ಅಂತ ಓದಿದೆ. ಅವ್ವ ಮಾತ್ರೆ ಬಿಟ್ಟು ಅದನ್ನೇ ಕುಡಿಯಬಹುದಾ ಡಾಕ್ಟ್ರೇ?
– ಒಬ್ಬ ಮಗಳು, ಸಿಂಧನೂರು

ಉತ್ತರ: ಬೇಡಮ್ಮ, ಮಾತ್ರೆ ಬಿಡಿಸಬೇಡಿ. ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಇಲಿಗೆ ಅಲೋಕ್ಸಾನ್ ಅಥವಾ ಸ್ಟ್ರೆಪ್ಟೊಜೋಟೋಸಿನ್ ಎಂಬ ರಾಸಾಯನಿಕ ಚುಚ್ಚಿ ಸಕ್ಕರೆ ಕಾಯಿಲೆ ಬರಿಸುತ್ತಾರೆ. ಅದು ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ಕೆಡಿಸುತ್ತದೆ. ವಯಸ್ಸಾದವರ ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆದದ್ದು. ಎರಡೂ ಒಂದೇ ಅಲ್ಲ, ಅಲ್ವಾ? ಡೋಸ್ ಕೂಡ ಹಾಗೇ. ಇಲಿಗೆ ಪ್ರತಿ ಕಿಲೋ ತೂಕಕ್ಕೆ ಕೊಟ್ಟದ್ದನ್ನು ಸುಮಾರು 6ರಿಂದ ಭಾಗಿಸಿ ಮನುಷ್ಯರಿಗೆ ಅಂದಾಜು ಮಾಡುತ್ತಾರೆ, ಅದೂ ಮೊದಲ ಅಂದಾಜು ಮಾತ್ರ.

ಗಿಡಮೂಲಿಕೆ ಮೇಲೆ ನನಗೆ ಗೌರವವಿದೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನ ಮೂಲವೂ ಗಲೇಗಾ ಎಂಬ ಗಿಡವೇ. ಆದರೆ ಅವ್ವ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತಗೋತಿದ್ದರೆ, ಜೊತೆಗೆ ಈ ಸಾರವೂ ಸೇರಿ ಶುಗರ್ ಜಾಸ್ತಿ ಇಳಿದು ಬೆವರು, ನಡುಕ ಬರಬಹುದು. ರಾಯಚೂರಿನ ಈ ಬಿಸಿಲಲ್ಲಿ ಆ ಬೆವರನ್ನು ಸೆಕೆ ಅಂದುಕೊಳ್ಳುವುದು ಸುಲಭ. ಕುಡಿಸುವ ಮೊದಲು ಅವರ ಡಾಕ್ಟರಿಗೆ ತಿಳಿಸಿ.