1950ರ ಸುಮಾರಿಗೆ ಅಮೆರಿಕದ ದಕ್ಷಿಣದ ಸಣ್ಣ ಊರುಗಳಲ್ಲಿ ಅಂಗಡಿ ವ್ಯಾಪಾರ ಹೇಗಿತ್ತು?

ಜಾಸ್ತಿ ಸಾಲದ ಮೇಲೇ ನಡೆಯುತ್ತಿತ್ತು. ಮಿಸಿಸಿಪ್ಪಿ, ಅಲಬಾಮದ ಹತ್ತಿ ಸೀಮೆಯಲ್ಲಿ ರೈತರ ಕೈಗೆ ಕಾಸು ಬರುತ್ತಿದ್ದದ್ದು ಹತ್ತಿ ಮಾರಿದ ಮೇಲೆ. ಅಲ್ಲಿಯವರೆಗೆ ಹಿಟ್ಟು, ಕಾಫಿ, ಸೀಮೆಎಣ್ಣೆ ಎಲ್ಲ ಅಂಗಡಿಯವನ ಪುಸ್ತಕಕ್ಕೆ. ಬಡ್ಡಿಯೂ ಸೇರುತ್ತಿತ್ತು. ಪಾಲಿಗೆ ಉಳುವ ಕಪ್ಪು ರೈತ ಲೆಕ್ಕ ಪ್ರಶ್ನಿಸುವುದಂತೂ ಅಪಾಯವೇ.

ಕೋಳಿ ಮೇವು ಹೂವಿನ ಅಚ್ಚಿನ ಹತ್ತಿ ಚೀಲದಲ್ಲಿ ಬರುತ್ತಿತ್ತು. ಒಂದೇ ಡಿಸೈನಿನ ಎರಡು ಮೂರು ಚೀಲ ಸಿಕ್ಕರೆ ಹೆಂಗಸರು ಫ್ರಾಕ್ ಹೊಲಿಯುತ್ತಿದ್ದರು. ವ್ಯಾಪಾರದ ಜಾಣತನ ಅಂದ್ರೆ ಇದು ಅಲ್ವಾ!

ಶನಿವಾರ ಹಳ್ಳಿಯವರೆಲ್ಲ ಪೇಟೆಗೆ. 5 ಸೆಂಟಿನ ಕೋಕಾ-ಕೋಲಾ ಬಾಟಲಿಗೆ ಉಪ್ಪು ಕಡಲೆಬೀಜ ಸುರಿದುಕೊಂಡು ಕುಡಿಯುವುದು ಅಲ್ಲಿನ ರೂಢಿ. ಔಷಧಿ ಅಂಗಡಿಯಲ್ಲೇ ಸೋಡಾ, ಐಸ್‌ಕ್ರೀಂ ಕೌಂಟರ್ ಇರುತ್ತಿತ್ತು. ಕಪ್ಪು ಜನ ದುಡ್ಡು ಕೊಟ್ಟು ಸಾಮಾನು ಕೊಳ್ಳಬಹುದು, ಆದರೆ ಆ ಸ್ಟೂಲಿನ ಮೇಲೆ ಸಾಮಾನ್ಯವಾಗಿ ಕೂರುವಂತಿರಲಿಲ್ಲ. ಊಟ-ತಿಂಡಿಯ ಜಾಗಗಳಲ್ಲಿ ಈ ಭೇದವನ್ನು ದೇಶದ ಕಾನೂನು ನಿಷೇಧಿಸಿದ್ದು 1964ರಲ್ಲಿ.