ವರ್ಚುವಲ್ ಜಗತ್ತಿನಲ್ಲಿ ಎತ್ತರದ ಭಯಕ್ಕೆ ಚಿಕಿತ್ಸೆ ನಿಜವಾಗಿ ಸಾಧ್ಯವೇ?

ಸಾಧ್ಯ. ಕಣ್ಣಿಗೆ ಹೆಡ್‌ಸೆಟ್ ಎಂಬ ಸಾಧನ ಧರಿಸಿದರೆ ಕಂಪ್ಯೂಟರ್ ಸೃಷ್ಟಿಸಿದ ಈ ಜಗತ್ತು ಸುತ್ತಲೂ ಕಾಣುತ್ತದೆ. ಅಲ್ಲಿ ಕಣ್ಣೆದುರಿನ ಸೇತುವೆ ಬರೀ ಚಿತ್ರವೆಂದು ಬುದ್ಧಿಗೆ ಗೊತ್ತಿದ್ದರೂ ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ. ಚಿಕಿತ್ಸೆಗೆ ಬೇಕಾದದ್ದೇ ಅದು: ಓಡಿಹೋಗದೆ ಅಲ್ಲೇ ನಿಂತರೆ ಭಯ ನಿಧಾನವಾಗಿ ಇಳಿಯತೊಡಗುತ್ತದೆ, ಅಂದುಕೊಂಡ ಅನಾಹುತ ಆಗಲಿಲ್ಲವೆಂದು ಮನಸ್ಸು ಕಲಿಯುತ್ತದೆ.

ಅಮೆರಿಕದ ಅಟ್ಲಾಂಟಾದಲ್ಲಿ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು ಎತ್ತರಕ್ಕೆ ಹೆದರುವ ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಸೃಷ್ಟಿಸಿದ ಕಾಲುಸೇತುವೆ, ಬಾಲ್ಕನಿ, ಗಾಜಿನ ಲಿಫ್ಟ್‌ಗಳಲ್ಲಿ ಹಂತಹಂತವಾಗಿ ನಿಲ್ಲಿಸಿದರು. ಭಯ ತಗ್ಗಿದ್ದನ್ನು 1995ರಲ್ಲಿ ಪ್ರಕಟಿಸಿದರು. ಅಂದಿನ ಚಿತ್ರಗಳು ತೀರ ಒರಟಾಗಿದ್ದವು. ಆದರೂ ಹಲವರು ಯಾರೂ ಹೇಳದೆಯೇ ನಿಜವಾದ ಎತ್ತರಗಳನ್ನು ಏರಿ ನೋಡಿದರು! ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ.

ಹೆಡ್‌ಸೆಟ್ ಕೊಂಡು ಒಬ್ಬರೇ ಪ್ರಯೋಗ ಮಾಡಬೇಡಿ. ಯಾವ ಹಂತದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ತರಬೇತಾದ ಚಿಕಿತ್ಸಕರೇ ತೀರ್ಮಾನಿಸಬೇಕು.